ಬೇಡವೆನ್ನಲಾರದ ನಿಶಿವಾಕಿಯೂ ತೂಕದ ಸಿಹಿಯೂ

ತಾಳ್ಮೆಯಲ್ಲಿ ನೆಲದಂತಹವನು, ವಿನಯದಲ್ಲಿ ಫಲ ತುಂಬಿದ ಕೊಂಬೆಯಂತಹವನು, ಎದುರಾಡದಿರುವುದರಲ್ಲಿ ಬೆಟ್ಟದ ಮಾರ್ದನಿಯಂತಹವನು, ಒಂದೇ ಸಭೆಯಲ್ಲಿ ಪರಸ್ಪರ ವಿರುದ್ಧವಾದ ಎರಡು ಅಭಿಪ್ರಾಯಗಳಿಗೂ ಮನಸಾರೆ ತಲೆದೂಗಿ, ತಮ್ಮ ಪಕ್ಷಕ್ಕೇ ಬಲ ಬಂತೆಂದು ಇಬ್ಬರೂ ಹರ್ಷಿಸುವಂತೆ ಮಾಡಬಲ್ಲವನು, ಮೇಲಧಿಕಾರಿಯ ವಿನೋದಕ್ಕೆ ಎಲ್ಲರಿಗಿಂತ ಮೊದಲು ನಗುವ ಆತುರವನ್ನೂ ಎಲ್ಲರ ಕೊನೆಗೆ ನಗುವ ಆಲಸ್ಯವನ್ನೂ ಗೆದ್ದವನು, ಲಿಫ್ಟಿನಲ್ಲಿ ಗುಂಡಿಗಳ ಬಳಿ ನಿಂತು, ಬಂದವರನ್ನೆಲ್ಲ ಅವರವರ ಮಹಡಿಗೆ ಇಳಿಸುವ ಸೇವೆಯಲ್ಲಿ ತನ್ನ ಮಹಡಿಯನ್ನು ಮರೆಯುವವನು, ಒಪ್ಪಿಗೆಯ ಕಾಗದದ ಮೇಲೆ ತನ್ನ ಹೆಸರಿನ ಮುದ್ರೆಯನ್ನೊತ್ತುವಾಗ, ಪಕ್ಕದಲ್ಲಿರುವ ಮೇಲಧಿಕಾರಿಯ ಮುದ್ರೆಗೆ ಅದು ತಲೆಬಾಗಿದಂತೆ ಕಾಣಲೆಂದು ತುಸು ವಾಲಿಸಿಯೇ ಒತ್ತುವವನು, ಹುಟ್ಟಿದಂದಿನಿಂದ ‘ಬೇಡ’ ಎಂಬ ಕಠಿನ ಪದವನ್ನಾಡಿ ಒಂದು ಜೀವವನ್ನಾದರೂ ನೋಯಿಸದವನು. ಇಂತಹ ಸಕಲಗುಣಸಂಪನ್ನನೊಬ್ಬನು ಒಸಾಕಾ ಪಟ್ಟಣದಲ್ಲಿ, ಆಟದ ಯಂತ್ರಗಳನ್ನು ಮಾಡಿ ಮಾರುವ ಅಮಗಾಸೆ ಸಂಸ್ಥೆಯ ಮಾರಾಟ ವಿಭಾಗದಲ್ಲಿ ಉಪಮುಖ್ಯನಾಗಿದ್ದನು. ಆತನ ಹೆಸರು ನಿಶಿವಾಕಿ ಯಾಸುನೊರಿ.

ಈ ಗುಣಗಳೆಲ್ಲ ಕೂಡಿ ಫಲ ಕೊಟ್ಟದ್ದು ಕ್ಷಮೆ ಬೇಡುವ ವಿದ್ಯೆಯಲ್ಲಿ. ಸಂಸ್ಥೆಯಿಂದ ಎಲ್ಲಿ ಯಾವ ತಪ್ಪಾದರೂ ಕ್ಷಮೆ ಕೇಳಲು ಹೋಗುವವನು ನಿಶಿವಾಕಿ. ಸೊಂಟವನ್ನು ಎಷ್ಟು ಬಾಗಿಸಬೇಕು, ಬಾಗಿದ ಮೇಲೆ ಎಷ್ಟು ಉಸಿರು ಹಾಗೇ ಇರಬೇಕು, ಏಳುವಾಗ ಕಣ್ಣು ಎದುರಿನವರ ಎದೆಯ ಯಾವ ಗುಂಡಿಯ ಮೇಲೆ ನಿಲ್ಲಬೇಕು ಎಂಬುದೆಲ್ಲ ಆತನಿಗೆ ಅಂಗಸಿದ್ಧವಾಗಿತ್ತು. ಅದಕ್ಕಿಂತ ಮಿಗಿಲಾದುದು ಆತನ ಸಿಹಿಯ ಜ್ಞಾನ. ಸರಕು ತುಸು ತಡವಾಗಿದ್ದರೆ ಅಕ್ಕಿಯ ಗರಿಗರಿ ಬಿಲ್ಲೆಗಳು. ಒಡೆದು ಬಂದಿದ್ದರೆ ಹೂರಣ ತುಂಬಿದ ಮೆತ್ತನೆಯ ಕಡುಬು. ಕೊಂಡವರ ಮಾನವೇ ಹೋಗುವಂತಹ ಅಪರಾಧವಾಗಿದ್ದರೆ ಯೋಕನ್. ಕೆಂಪು ಕಾಳನ್ನು ಸಕ್ಕರೆಯೊಡನೆ ಬೇಯಿಸಿ ಗಟ್ಟಿಗೊಳಿಸಿದ ಆ ಕಪ್ಪು ಇಟ್ಟಿಗೆಯನ್ನು ಕೈಗೆ ಕೊಟ್ಟರೆ ತೆಗೆದುಕೊಂಡವರ ತೋಳು ಒಂದು ಗೇಣು ಕೆಳಗಿಳಿಯುತ್ತದೆ. ಪಶ್ಚಾತ್ತಾಪಕ್ಕೆ ತೂಕವಿರಬೇಕು, ಘೋರ ತಪ್ಪಿಗೆ ಹಗುರವಾದ ಸಿಹಿಯನ್ನೊಯ್ದರೆ ಅದು ಎರಡನೆಯ ತಪ್ಪು. ಒಸಾಕಾದ ವರ್ತಕರಿಗೆ ಇದು ಎದೆಹಾಲಿನೊಡನೆ ಬಂದ ತಿಳಿವಳಿಕೆ. ನಿಶಿವಾಕಿಯ ಕೈಯಲ್ಲಿ ಮಸಿಬಣ್ಣದ ಕಾಗದ ಸುತ್ತಿದ ಪೊಟ್ಟಣವನ್ನು ದೂರದಿಂದಲೇ ಕಂಡ ಅಂಗಡಿಯವರು, ಆತ ಬಾಗಿಲು ದಾಟುವ ಮುನ್ನವೇ ಅರ್ಧ ಕ್ಷಮಿಸಿರುತ್ತಿದ್ದರು.

ಅಮಗಾಸೆ ಸಂಸ್ಥೆಗೆ ಕೀರ್ತಿ ತಂದಿದ್ದದ್ದು ‘ಹಿಬಾರಿ’ ಎಂಬ ಕೈಯಂತ್ರ. ಹಾಡುತ್ತ ಮುಗಿಲಿಗೇರುವ ಪುಟ್ಟ ಹಕ್ಕಿಯ ಹೆಸರದು. ಅದನ್ನು ಅಂಗೈಯಲ್ಲಿ ಹಿಡಿದು, ಮುಂದಿನ ಗಾಜನ್ನು ಬೆರಳಿಂದ ಸವರಿ, ಹಿಂದಿನ ಬೆನ್ನನ್ನು ತೀಡಿ, ಅತ್ತಿತ್ತ ವಾಲಿಸಿ ಆಡಬೇಕು. ಆ ಸವರುವಿಕೆ, ತೀಡುವಿಕೆ, ವಾಲಿಸುವಿಕೆಗಳೇ ಅದರ ಪ್ರಾಣ. ಆದರೆ ಕಾಲ ಹೊರಳಿತ್ತು. ರೈಲಿನಲ್ಲಿ ಕುಳಿತ ಜನ ಆಗಲೇ ತಮ್ಮ ಫೋನುಗಳನ್ನು ಸವರುತ್ತಿದ್ದರು. ಇನ್ನೊಂದನ್ನು ಸವರಲು ಅವರಿಗೆ ಕೈ ಉಳಿದಿರಲಿಲ್ಲ. ಹಿಬಾರಿಯ ಮಾರಾಟ ಇಳಿಮುಖವಾಗಿ ಸಾಗಿದಾಗ, ಎಲ್ಲರೂ ‘ಬುಚೋ’ ಎಂಬ ಪದವಿಯ ಹೆಸರಿನಿಂದಲೇ ಕರೆಯುತ್ತಿದ್ದ ವಿಭಾಗಮುಖ್ಯ ಮುನಕಾತ ಅವರಿಗೆ ಬಿಸಿನೀರಿನ ತೊಟ್ಟಿಯಲ್ಲಿ ಕುಳಿತಿದ್ದಾಗ ಸಾಕ್ಷಾತ್ಕಾರವಾಯಿತು.

“ಹಿಬಾರಿಯನ್ನ ಜನ ಕೈಗೆ ತಗೊಳ್ತಿಲ್ಲ. ಸರಿ. ಹಾಗಾದ್ರೆ ಕೈಯೇ ಬೇಡ!” ಎಂದರು ಅವರು ಸಭೆಯಲ್ಲಿ. “ಗಾಜು ತೆಗೀರಿ, ಬೆನ್ನು ತೆಗೀರಿ. ಬರೀ ಒಂದು ಪುಟ್ಟ ಡಬ್ಬಿ ಮಾಡಿ ಟೀವಿಗೆ ಕಟ್ಟಿ. ಹಿಬಾರಿ ಟೀವಿ! ಆಟಗಳಂತೂ ನಮ್ಮ ಹತ್ರ ಇದ್ದೇ ಇವೆ. ಹೊಸದಾಗಿ ಏನೂ ಮಾಡೋದು ಬೇಡ. ಏನಂತೀರಿ?”

ಸಭೆ ಉಸಿರೆಳೆದುಕೊಂಡಿತು. ಹಲ್ಲಿನ ಸಂದಿಯಿಂದ ‘ಸ್ಸ್’ ಎಂದು ಗಾಳಿ ಎಳೆದುಕೊಳ್ಳುವುದು ಆ ನಾಡಿನಲ್ಲಿ ಮಹಾ ಸಂದೇಹದ ಗುರುತು. ಅಂದು ಎಷ್ಟು ಗಾಳಿ ಒಳಹೋಯಿತೆಂದರೆ ಕಿಟಕಿಯ ಪರದೆ ಅಲುಗಿತು. ಮುನಕಾತ ಅವರು ಅದನ್ನು ಮೆಚ್ಚುಗೆಯೆಂದು ತಿಳಿದರು.

ಕೆಲವು ವಾರಗಳಲ್ಲಿ ಮಾದರಿ ಸಿದ್ಧವಾಯಿತು. ಗೋಡೆಯಷ್ಟಗಲದ ಟೀವಿಗೆ ಅದನ್ನು ಕಟ್ಟಿ, ಹಿಬಾರಿಯ ಅತಿ ಜನಪ್ರಿಯವಾದ ಕುಂಬಾರನ ಆಟವನ್ನು ಹಚ್ಚಿದರು. ಮುಂಗಾಜನ್ನು ಒಂದು ಬೆರಳಿಂದಲೂ ಬೆನ್ನನ್ನು ಇನ್ನೊಂದು ಬೆರಳಿಂದಲೂ ಒತ್ತಿ, ತಿರುಗುವ ಜೇಡಿಮಣ್ಣನ್ನು ಹೂಜಿಯಾಗಿಸುವ ಆಟವದು. ಈಗ ಮುಂಗಾಜೂ ಇಲ್ಲ, ಬೆನ್ನೂ ಇಲ್ಲ. ಕೈಯಲ್ಲಿ ಗುಂಡಿಗಳ ಹಿಡಿಕೆಯೊಂದೇ. ಪರದೆಯ ಮೇಲೆ ಮಣ್ಣಿನ ಮುದ್ದೆ ಗಿರಗಿರನೆ ತಿರುಗತೊಡಗಿತು. ತಿರುಗಿತು. ತಿರುಗುತ್ತಲೇ ಇತ್ತು. ಅಂಗೈಯಗಲಕ್ಕೆಂದು ಬರೆದ ಚಿತ್ರವನ್ನು ಗೋಡೆಗೆ ಹಿಗ್ಗಿಸಿದ್ದರಿಂದ ಕುಂಬಾರನ ಮೂಗು ಚೌಕ ಚೌಕ ಹಂಚುಗಳನ್ನು ಜೋಡಿಸಿದಂತೆ ಕಾಣುತ್ತಿತ್ತು.

“ದೊಡ್ಡದಾಗಿ ಕಾಣ್ತಿದೆ, ಅಲ್ವೇನ್ರಿ?” ಎಂದರು ಮುನಕಾತ.

“ಬಹಳ ದೊಡ್ಡದಾಗಿ ಕಾಣ್ತಿದೆ, ಬುಚೋ,” ಎಂದಿತು ಸಭೆ. ಅದು ನಿಜವೇ ಆಗಿದ್ದುದರಿಂದ ಯಾರ ಅಂತಃಸಾಕ್ಷಿಗೂ ಧಕ್ಕೆಯಾಗಲಿಲ್ಲ.

“ಈ ಮಣ್ಣು ಹೀಗೇ ತಿರುಗ್ತಾ ಇರುತ್ತಾ?”

“ಹೌದು, ಬುಚೋ. ಮನಸ್ಸಿಗೆ ಒಂಥರಾ ಶಾಂತಿ ಕೊಡುತ್ತೆ,” ಎಂದನು ನಿಶಿವಾಕಿ. ಇದು ಆತನ ಬಾಯಿಂದ ತಾನಾಗಿ ಬಂದ ಮಾತು. ಅದೇ ಕ್ಷಣದಲ್ಲಿ ಮುನಕಾತ ಅವರ ದೃಷ್ಟಿ ಆತನ ಮೇಲೆ ನೆಟ್ಟಿತು. ಸಭೆ ಮುಗಿದ ಮೇಲೆ ಅವರು ಆತನ ಹೆಗಲ ಮೇಲೆ ಕೈಯಿಟ್ಟರು.

“ನಿಶಿವಾಕಿ-ಕುನ್, ಹಿಬಾರಿ ಟೀವಿಯ ಪೂರ್ತಿ ಹೊಣೆ ನಿಂದು,” ಎಂದರು, ಕೈಕೆಳಗಿನವರ ಹೆಸರಿಗೆ ಸಲಿಗೆಯಿಂದ ಅಂಟಿಸುವ ‘ಕುನ್’ ಸೇರಿಸಿ.

“ನಾನು ಅಷ್ಟಕ್ಕೆಲ್ಲ ತಕ್ಕವನಲ್ಲ, ಬುಚೋ. ಇದುವರೆಗೆ ಒಂದು ಸರಕನ್ನೂ ಬಿಡುಗಡೆ ಮಾಡಿಲ್ಲ. ಕ್ಷಮೆ ಕೇಳೋದು ಬಿಟ್ರೆ...”

“ಅದಕ್ಕೇ ಕಣಯ್ಯ!” ಎಂದರು ಮುನಕಾತ, ತಮ್ಮ ದೂರದೃಷ್ಟಿಗೆ ತಾವೇ ಮೆಚ್ಚಿ. “ಹೊಣೆ ಒಬ್ಬಂದು, ಕ್ಷಮೆ ಇನ್ನೊಬ್ಬಂದು ಅಂತ ಯಾಕೆ ಇಟ್ಕೊಳ್ಳೋದು? ಎರಡೂ ನಿನ್ನ ಹತ್ರಾನೇ ಇರ್ಲಿ. ಸಂಸ್ಥೆಗೆ ಎಷ್ಟು ಅನುಕೂಲ!”

ಮುಂದೆ ಸರಕು ನೆಲಕಚ್ಚಿದ ಮೇಲೆ ಅಳುವವನನ್ನು ಮುಂಚಿತವಾಗಿಯೇ ಗೊತ್ತುಪಡಿಸಿದ ಈ ವ್ಯವಸ್ಥೆಯನ್ನು ಅರ್ಥಮಾಡಿಕೊಂಡೂ ನಿಶಿವಾಕಿ “ಹೌದು, ಬುಚೋ” ಎಂದನು.

ದೊಡ್ಡ ನಿರ್ಧಾರಕ್ಕೆ ಮೊದಲು ಮೇಜಿನಿಂದ ಮೇಜಿಗೆ ಹೋಗಿ ಒಬ್ಬೊಬ್ಬರ ಮನಸ್ಸನ್ನೂ ಹದಮಾಡಿ ಬರುವುದು ಆ ನಾಡಿನ ಕಚೇರಿಗಳ ಸಂಪ್ರದಾಯ. ನಿಶಿವಾಕಿ ಹಾಗೆಯೇ ಹೊರಟನು. ಮನೆಯಲ್ಲಿಟ್ಟು ಆಡುವ ದೊಡ್ಡ ಯಂತ್ರವನ್ನು ಅದೇ ಕಟ್ಟಡದ ಮೇಲ್ಮಹಡಿಯಲ್ಲಿ ಮಾರುತ್ತಿದ್ದವರು, ತಮ್ಮದೇ ಮನೆಯ ಕಿರಿಯ ಸೋದರನು ತಮ್ಮ ಅಂಗಡಿಯೆದುರೇ ಅಗ್ಗದ ಅಂಗಡಿ ತೆರೆಯುತ್ತಿದ್ದಾನೆಂದು ಕೇಳಿ, “ಬಹಳ ಆಸಕ್ತಿಕರವಾಗಿದೆ” ಎಂದು ಮುಗುಳ್ನಕ್ಕರು. ಆ ಮುಗುಳ್ನಗೆಗೆ ನಿಶಿವಾಕಿ ಬಂದಾಗಿಗಿಂತ ಇನ್ನಷ್ಟು ಆಳಕ್ಕೆ ಬಾಗಿ ಹೊರಬಂದನು. ಆಟಗಳನ್ನು ಬರೆದುಕೊಡುವ ಹೊರಗಿನವರೊಡನೆ ವ್ಯವಹರಿಸುವವರು, ಟೀವಿಯಲ್ಲಿ ಆಡಿಸಲು ಪ್ರತಿಯೊಬ್ಬರ ಒಪ್ಪಿಗೆಯೂ ಬೇರೆಯಾಗಿ ಬೇಕೆಂದೂ, ಅರ್ಧದಷ್ಟು ಮಂದಿ ಪತ್ರಕ್ಕೆ ಉತ್ತರವನ್ನೇ ಬರೆದಿಲ್ಲವೆಂದೂ, ಆದರೆ ಮೌನವು ಆತ್ಮೀಯತೆಯ ಲಕ್ಷಣವೆಂದೂ ವಿವರಿಸಿದರು. ಯಂತ್ರ ಅಗ್ಗವೇನೋ ಸರಿ, ಆದರೆ ಆಟವನ್ನು ಉಳಿಸಿಡುವ ಮೆಮೊರಿ ಕಾರ್ಡನ್ನು ಸಂಸ್ಥೆಯಿಂದಲೇ ಬೇರೆ ಕೊಳ್ಳಬೇಕೆಂದೂ, ಅದನ್ನು ಪೆಟ್ಟಿಗೆಯ ತಳದಲ್ಲಿ ಇರುವೆಯಕ್ಷರದಲ್ಲಿ ಮುದ್ರಿಸುವುದು ಸೌಂದರ್ಯದೃಷ್ಟಿಯಿಂದ ಯುಕ್ತವೆಂದೂ ಇನ್ನೊಂದು ಮೇಜು ಹೇಳಿತು. ಇದನ್ನೇ ಹೊಸ ದೊಡ್ಡ ಯಂತ್ರವೆಂದು ತಿಳಿದು ಮೊಮ್ಮಕ್ಕಳಿಗೆ ಕೊಂಡೊಯ್ಯುವ ಅಜ್ಜಂದಿರ ಗತಿಯೇನೆಂದು ಯಾರೋ ಮೆಲ್ಲಗೆ ಕೇಳಿ, ಕೇಳಿದ್ದಕ್ಕೆ ತಾವೇ ಕ್ಷಮೆ ಬೇಡಿದರು. ಹೀಗೆ ಈ ಸರಕು ಮುಳುಗುವುದೆಂದು ಪ್ರತಿಯೊಬ್ಬರಿಗೂ ಗೊತ್ತಿತ್ತು. ಪ್ರತಿಯೊಬ್ಬರಿಗೂ ಗೊತ್ತಿದೆಯೆಂಬುದೂ ಪ್ರತಿಯೊಬ್ಬರಿಗೂ ಗೊತ್ತಿತ್ತು. ಕಾಗದದ ಮೇಲೆ ಮಾತ್ರ ಎಲ್ಲರ ಮುದ್ರೆಗಳೂ ಒಂದರ ಮುಂದೊಂದು ಬಾಗಿ ನಿಂತಿದ್ದವು. ಯಾರೂ ತಪ್ಪು ಮಾಡದೆ ದೊಡ್ಡ ತಪ್ಪೊಂದನ್ನು ಮಾಡುವ ಈ ಕಲೆ ಅಮಗಾಸೆಯಲ್ಲಿ ಪರಿಪೂರ್ಣತೆಯನ್ನು ಮುಟ್ಟಿತ್ತು.

ಇದೆಲ್ಲವೂ ನಿಶಿವಾಕಿಗೆ ಸಹ್ಯವಾಗಿತ್ತು, ಒಂದನ್ನುಳಿದು. ಅದು ಹಮುರೋ ಕಿನು ಎಂಬ ಮುದುಕಿಯ ಉಗ್ರಾಣ.

ಮತ್ಸುಯಾಮಾಚಿಯ ಆಟಿಕೆಯ ಸಗಟು ಬೀದಿಯಲ್ಲಿ ಹಮುರೋ ಅಜ್ಜಿಯದು ಹಳೆಯ ಅಂಗಡಿ. ವಸಂತಕ್ಕೆ ಹೆಣ್ಣುಮಕ್ಕಳ ಹಬ್ಬದ ಬೊಂಬೆಗಳು, ಬೇಸಗೆಗೆ ಪಟಾಕಿ, ವರ್ಷದ ಕೊನೆಗೆ ಆಟದ ಯಂತ್ರಗಳು. ನಿಶಿವಾಕಿ ಹೊಸದಾಗಿ ಕೆಲಸಕ್ಕೆ ಸೇರಿ, ಮಾತು ಬಾರದೆ ಅವಳ ಹೊಸ್ತಿಲಲ್ಲಿ ಬೆವರುತ್ತ ನಿಂತಿದ್ದಾಗ ಒಳಕ್ಕೆ ಕರೆದು ಬಾರ್ಲಿಯ ತಣ್ಣನೆಯ ಚಹಾ ಕೊಟ್ಟು, ಸರಕು ಮಾರುವುದನ್ನೂ ಬಾಗುವುದನ್ನೂ ಕಲಿಸಿದವಳು ಅವಳೇ. ಆ ಬೀದಿಯ ವರ್ತಕರೆಲ್ಲ ಅವಳು ಏನು ಕೊಳ್ಳುವಳೆಂದು ನೋಡಿ ತಾವು ಕೊಳ್ಳುತ್ತಿದ್ದರು. ಆದರೆ ಈಚೆಗೆ ಅವಳ ಅಂಗಡಿ ಸೊರಗಿತ್ತು. ಆಟದ ಯಂತ್ರಗಳ ವ್ಯಾಪಾರದಲ್ಲಿ ಒಂದು ಕಟ್ಟಳೆಯಿದೆ: ಅಂಗಡಿ ಒಮ್ಮೆ ಕೊಂಡ ಪೆಟ್ಟಿಗೆಯನ್ನು ಸಂಸ್ಥೆ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಮಾರಿದರೆ ಸಂಸ್ಥೆಯ ಯಶಸ್ಸು. ಮಾರದಿದ್ದರೆ ಆ ಪೆಟ್ಟಿಗೆಗಳೇ ಅಂಗಡಿಯ ಇನ್ನೊಂದು ಗೋಡೆ.

ಶರತ್ಕಾಲದ ಒಂದು ಮಧ್ಯಾಹ್ನ ನಿಶಿವಾಕಿ ಅಲ್ಲಿಗೆ ಹೋದನು.

“ಏನಪ್ಪಾ ಯಾಸು-ಚಾನ್, ಏನ್ ಲಾಭ?” ಎಂದಳು ಅಜ್ಜಿ. ಯಾಸುನೊರಿ ಅವಳ ಬಾಯಲ್ಲಿ ಇಂದಿಗೂ ಮಗುವನ್ನು ಕರೆದಂತೆ ಯಾಸು-ಚಾನ್. ಒಸಾಕಾದಲ್ಲಿ ಕುಶಲ ಕೇಳುವುದು ಲಾಭದ ಮಾತಿನಿಂದಲೇ.

“ಏನೋ ಹೀಗೇ, ನಿಧಾನಕ್ಕೆ, ಒಕಾಮಿ-ಸಾನ್,” ಎಂದನು ಆತ. ಅಂಗಡಿಯ ಒಡತಿಗೆ ಸಲ್ಲುವ ಗೌರವದ ಕರೆಯದು. ಉತ್ತರ ಕೊಡುವುದೂ ಅಲ್ಲಿ ಹಾಗೆಯೇ.

“ನಿಮ್ಮದೇನೋ ಟೀವಿ ಹಕ್ಕಿ ಬರ್ತಿದೆಯಂತೆ?”

“ಹೌದು. ನೀವು ಬಿಡುಗಡೆಯ ಸಭೆಗೆ ಬರಬೇಕು ಅಂತ ಕೇಳೋಕೆ ಬಂದೆ.”

“ಬರ್ತೀನಿ. ನೋಡು, ಸುತ್ತು ಬಳಸಿ ಮಾತು ನಂಗಾಗಲ್ಲ. ಬೊಂಬೆ ತರಿಸಬೇಕು, ಇಲ್ಲಾ ನಿನ್ನ ಹಕ್ಕಿ ತುಂಬಬೇಕು. ಎರಡಕ್ಕೂ ಜಾಗ ಇಲ್ಲ, ನಂಗೂ ತ್ರಾಣ ಇಲ್ಲ. ಈ ಸಲ ಉಗ್ರಾಣ ಕೊಳೀತು ಅಂದ್ರೆ ಅಂಗಡಿಗೆ ಬೀಗ. ನಮ್ಮತ್ತೆ ಕೊಟ್ಟು ಹೋದ ಅಂಗಡಿ. ನೀನು ಹೂಂ ಅಂದ್ರೆ ಹಕ್ಕೀನೇ ತುಂಬ್ತೀನಿ. ಹೇಳು, ಸರಕು ಹೇಗಿದೆ?”

ನಿಶಿವಾಕಿ ಬಾಯಿ ತೆರೆದನು. ‘ಬೇಡಿ’ ಎಂದರೆ ಸಾಕು. ಆ ಪದ ಹೊಟ್ಟೆಯಿಂದ ಹೊರಟು, ಎದೆಯನ್ನು ಹತ್ತಿ, ಗಂಟಲಿನವರೆಗೂ ಬಂದು, ಅಲ್ಲಿ ಸಂಸ್ಥೆಯ ಮಾನವನ್ನೂ ಬುಚೋ ಅವರ ಹೆಗಲ ಮೇಲಿನ ಕೈಯನ್ನೂ ಕಂಡು ವಿನಯದಿಂದ ಹಿಂದಿರುಗಿತು.

“ಎಲ್ಲರೂ ಪ್ರಾಣಕೊಟ್ಟು ಕೆಲಸ ಮಾಡ್ತಿದಾರೆ,” ಎಂದನು.

“ನೀನು ಯಾವತ್ತೂ ಅದನ್ನೇ ಹೇಳೋದು. ಒಳ್ಳೇದಿದ್ರೂ ಅದೇ, ಕೆಟ್ಟದ್ದಿದ್ರೂ ಅದೇ,” ಎಂದಳು ಅಜ್ಜಿ, ಅವನ ಮುಖವನ್ನು ದಿಟ್ಟಿಸಿ. “ಆಯ್ತು, ಸಭೇಲಿ ಹೇಳು. ಅಲ್ಲೇ ಆರ್ಡರು ಕೊಡ್ತೀನಿ.”

ಮನೆಗೆ ಬಂದ ನಿಶಿವಾಕಿಯ ಮುಖ ನೋಡಿ ಹೆಂಡತಿ ಸುಮಿಯೆ ಅನ್ನದ ಬಟ್ಟಲನ್ನು ಕೆಳಗಿಟ್ಟಳು. ಕೇಳಿ ತಿಳಿದ ಮೇಲೆ, “ಒಂದೇ ಒಂದು ಸಲ ‘ಬೇಡ’ ಅಂದ್ರೆ ನಾಲಿಗೆ ಬಿದ್ದುಹೋಗುತ್ತಾ?” ಎಂದಳು.

“ನೋಡೋಣ, ಪ್ರಯತ್ನ ಮಾಡ್ತೀನಿ.”

“ಈಗಲೇ ಮಾಡಿ. ನನ್ನೆದುರಿಗೆ ಅಭ್ಯಾಸ ಮಾಡಿ. ಇನ್ನೊಂದ್ ತುತ್ತು ಅನ್ನ ಹಾಕ್ಲಾ?”

“ಹಾಕು.”

“ಅಯ್ಯೋ, ಬೇಡ ಅನ್ನಿ ಅಂದ್ನಲ್ರೀ!”

“ಹಸಿವಿತ್ತು,” ಎಂದನು ನಿಶಿವಾಕಿ. ಹಸಿವಿರಲಿಲ್ಲ.

ಸುಮಿಯೆ ಮಿತೋ ಊರಿನವಳು. ಹುದುಗಿಸಿದ ಸೋಯಾ ಕಾಳಿನ, ನೂಲು ನೂಲಾಗಿ ಎಳೆಯುವ, ಮೂಗಿಗೆ ದೂರದಿಂದಲೇ ಸುದ್ದಿ ಮುಟ್ಟಿಸುವ ನಾತ್ತೋ ಇಲ್ಲದೆ ಅಲ್ಲಿಯವರಿಗೆ ಬೆಳಗಾಗದು. ಒಸಾಕಾದಲ್ಲಿ ಹುಟ್ಟಿದ ನಿಶಿವಾಕಿಗೆ ಅದರ ವಾಸನೆಯೇ ಯಮಯಾತನೆ. ಮದುವೆಯಾದ ಮೊದಲ ಬೆಳಗ್ಗೆ ಅವಳು “ಚೆನ್ನಾಗಿದೆಯಾ?” ಎಂದು ಕೇಳಿದ್ದಳು, ಆತ “ತುಂಬ ಚೆನ್ನಾಗಿದೆ” ಎಂದಿದ್ದನು. ಅಂದಿನಿಂದ ಪ್ರತಿ ಬೆಳಗ್ಗೆಯೂ ಆತನ ಬಟ್ಟಲಿನಲ್ಲಿ ನಾತ್ತೋ ಇರುತ್ತಿತ್ತು, ಮತ್ತು ಪ್ರತಿ ಬೆಳಗ್ಗೆಯೂ ಆತ ಉಸಿರು ಹಿಡಿದು ಅದನ್ನು ಮುಗಿಸಿ, ತುಂಬ ಚೆನ್ನಾಗಿದೆಯೆಂದು ಹೇಳಿ ಕೆಲಸಕ್ಕೆ ಹೋಗುತ್ತಿದ್ದನು. ಮಗಳು ಹುಟ್ಟಿ, ಬೆಳೆದು, ಕಾಲೇಜಿಗೆ ಸೇರಿದ್ದಳು, ನಾತ್ತೋ ನಿಂತಿರಲಿಲ್ಲ. ಇಂತಹ ವ್ರತನಿಷ್ಠನಿಂದ ಒಂದು ಸಂಜೆಯ ಅಭ್ಯಾಸದಲ್ಲಿ ನಕಾರವನ್ನು ಹೊರಡಿಸುವುದು ಸುಮಿಯೆಯ ಶಕ್ತಿಗೆ ಮೀರಿತ್ತು.

ಬಿಡುಗಡೆಯ ಸಭೆಯ ದಿನ ಬೆಳಗ್ಗೆ ನಿಶಿವಾಕಿ ತನ್ನ ಎಂದಿನ ಸಿಹಿಯಂಗಡಿಗೆ ಹೋದನು. ಬಂದ ವರ್ತಕರಿಗೆಲ್ಲ ಒಂದೊಂದು ಪೊಟ್ಟಣ ಕೊಡಬೇಕೆಂದು ಬುಚೋ ಅವರ ಅಪ್ಪಣೆಯಾಗಿತ್ತು. ಶುಭಕಾರ್ಯವಾದುದರಿಂದ ಹಗುರವಾದ ಬಿಲ್ಲೆಗಳನ್ನು, ಕೆಂಪು ಬಿಳಿ ಕಾಗದದಲ್ಲಿ, ಮೇಲೆ ಹಕ್ಕಿಯ ಗುರುತು ಒತ್ತಿಸಿ ಒಯ್ಯಬೇಕೆಂದು ಆತ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದನು. ಆದರೆ ಗಾಜಿನ ಬಾಗಿಲು ಸರಿಯುತ್ತಲೇ, ವರ್ಷಗಳಿಂದ ಆತನನ್ನು ಬಲ್ಲ ಮಾರುವ ಹೆಂಗಸು ಮಿಯೊಶಿ ಎದ್ದು ನಿಂತಳು. ಆತನ ಬಾಡಿದ ಮುಖವನ್ನೂ ಕಪ್ಪು ಕೋಟನ್ನೂ ಕಂಡು ಅವಳ ಕಣ್ಣು ಕರುಣೆಯಿಂದ ತುಂಬಿತು.

“ಅಯ್ಯೋ ಪಾಪ, ನಿಶಿವಾಕಿ-ಸಾನ್! ಮತ್ತೆ ಏನಾಯ್ತು? ಬಹಳ ದೊಡ್ಡದಾ?”

“ಇಲ್ಲಿವರೆಗೂ ಏನೂ ಆಗಿಲ್ಲ...”

“ಗೊತ್ತು ಗೊತ್ತು, ಹೊರಗೆ ಹೇಳೋ ಹಾಗಿರಲ್ಲ,” ಎನ್ನುತ್ತ ಅವಳು ಆಗಲೇ ಒಳಗಿನವರನ್ನು ಕೂಗಿ ಮಸಿಬಣ್ಣದ ಕಾಗದ ತರಿಸುತ್ತಿದ್ದಳು. “ಎಷ್ಟು ಜನಕ್ಕೆ? ಅಷ್ಟೊಂದು ಜನಕ್ಕಾ! ದೇವರೇ. ಎಂದಿನದ್ದೇ ತಾನೇ? ತೂಕದ್ದು?”

ಅಂಗಡಿಯವರೆಲ್ಲ ಕೈ ಕೆಲಸ ಬಿಟ್ಟು ಯೋಕನ್ ಸುತ್ತಲು ನಿಂತಿದ್ದರು. ಅವರ ಕಷ್ಟವನ್ನು ವ್ಯರ್ಥಗೊಳಿಸಿ, ಆ ಕರುಣಾಳು ಹೆಂಗಸನ್ನು ನಾಚಿಸಿ, ಅಲ್ಲ, ಬೇಡ, ಬೇರೆಯದು ಎಂದು ಹೇಳುವುದು ನಿಶಿವಾಕಿಯಿಂದ ಆಗುವ ಕೆಲಸವೇ?

“ಹೌದು, ಅದೇ,” ಎಂದನು.

ನಾಕಾನೊಶಿಮಾದ ಹೋಟೆಲೊಂದರ ಸಭಾಂಗಣ. ಕೆಂಪು ರತ್ನಗಂಬಳಿ, ಬೆಳ್ಳಿಯ ತಟ್ಟೆಗಳು, ನಡುವೆ ಟೀವಿ. ಅದರೊಳಗೆ ಕುಂಬಾರನ ಮಣ್ಣು ಶಾಂತವಾಗಿ ತಿರುಗುತ್ತಿತ್ತು. ಮುನಕಾತ ಅವರು ದೀರ್ಘವಾಗಿ ಮಾತಾಡಿದರು: ಕೈಯಂತ್ರವು ಕೈಯ ಬಂಧನದಿಂದ ಬಿಡುಗಡೆಯಾಯಿತೆಂದರು, ಮನೆಯವರೆಲ್ಲ ಒಂದೆಡೆ ಕೂಡುವರೆಂದರು, ಹಿಬಾರಿಯ ಎಲ್ಲ ಆಟಗಳೂ ಇದರಲ್ಲಿ ಕಾಣುವುವೆಂದರು. ಆಡಬಹುದೆನ್ನದೆ ಕಾಣುವುವೆಂದದ್ದನ್ನು ಕಾನೂನು ವಿಭಾಗ ತಿದ್ದಿಕೊಟ್ಟಿತ್ತು. ವರ್ತಕರು ಚಪ್ಪಾಳೆ ತಟ್ಟಿದರು. ಆರ್ಡರಿನ ಕಾಗದಗಳನ್ನು ಎಲ್ಲರೂ ಮುಂದಿಟ್ಟುಕೊಂಡರು; ಆ ಸಂಖ್ಯೆ ನೋಡಿಯೇ ಕಾರ್ಖಾನೆಯಲ್ಲಿ ಎಷ್ಟು ಮಾಡಬೇಕೆಂಬುದು ಗೊತ್ತಾಗಬೇಕಿತ್ತು. ಎಲ್ಲರ ಕಣ್ಣೂ ಮುಂದಿನ ಸಾಲಿನಲ್ಲಿ ಕುಳಿತ ಹಮುರೋ ಅಜ್ಜಿಯ ಲೇಖನಿಯ ಮೇಲಿತ್ತು.

ಆಗ ನಿಶಿವಾಕಿ ಪೊಟ್ಟಣಗಳೊಡನೆ ಬಂದನು. ಮೊದಲನೆಯದನ್ನು ಎರಡು ಕೈಗಳಿಂದ ಅಜ್ಜಿಗೆ ನೀಡಿದನು. ತೆಗೆದುಕೊಂಡ ಅವಳ ತೋಳು ಒಂದು ಗೇಣು ಕೆಳಗಿಳಿಯಿತು.

ಅಜ್ಜಿ ಪೊಟ್ಟಣವನ್ನು ನೋಡಿದಳು. ಮಸಿಬಣ್ಣದ ಕಾಗದವನ್ನು ನೋಡಿದಳು. ಅಂಗೈಯಲ್ಲಿ ಮತ್ತೊಮ್ಮೆ ತೂಗಿದಳು.

“ಯಾಸು-ಚಾನ್, ಇದು ಅದೇನಾ?”

“ಅದೇ, ಒಕಾಮಿ-ಸಾನ್.”

“ಸರಕು ಇನ್ನೂ ಬಂದೇ ಇಲ್ವಲ್ಲೋ. ಯಾತಕ್ಕಪ್ಪಾ ಇದು, ಈಗಲೇ?”

ಸಿಹಿಯಂಗಡಿಯವಳು ತಪ್ಪಾಗಿ ಸುತ್ತಿಕೊಟ್ಟಳೆಂದು ಹೇಳಿಬಿಡಬಹುದಿತ್ತು. ಹೇಳಿದ್ದರೆ ಎಲ್ಲರೂ ನಕ್ಕು, ಅಜ್ಜಿ ಕಾಗದದಲ್ಲಿ ದೊಡ್ಡ ಸಂಖ್ಯೆಯೊಂದನ್ನು ಬರೆದು, ಮತ್ಸುಯಾಮಾಚಿಯ ಉಗ್ರಾಣ ತುಂಬಿಹೋಗುತ್ತಿತ್ತು. ನಿಶಿವಾಕಿ ಅವಳ ಬಿಳಿಯ ತಲೆಯನ್ನು ನೋಡಿದನು. ಬಾರ್ಲಿಯ ಚಹಾ ನೆನಪಾಯಿತು. ಆತನ ಬಾಯಿ ಮುಚ್ಚಿಯೇ ಇತ್ತು. ಆದರೆ ಸೊಂಟ ತಾನಾಗಿ ಬಾಗಿತು. ಬಾಗಿ, ಹೊಸ ಸರಕಿನ ಶುಭಸಭೆಗೆ ಒಪ್ಪುವ ಎಲ್ಲೆಯನ್ನು ದಾಟಿ, ಒಡೆದ ಸರಕಿನ ಎಲ್ಲೆಯನ್ನೂ ದಾಟಿ, ಮಾನ ಹೋಗುವ ಅಪರಾಧಕ್ಕೆ ಸಲ್ಲುವ ಆಳಕ್ಕೆ ಹೋಗಿ ಅಲ್ಲಿಯೇ ನಿಂತಿತು. ಏಳಲಿಲ್ಲ.

ಆರ್ಡರಿನ ಕಾಗದಗಳ ಮೇಲೆ ಬಾಗಿದ್ದ ತಲೆಗಳೆಲ್ಲ ಆತನತ್ತ ತಿರುಗಿದವು; ಟೀವಿಯಲ್ಲಿ ಮಣ್ಣೂ ತಿರುಗುತ್ತಲೇ ಇತ್ತು.

“ಆಯ್ತಪ್ಪ, ಏಳು. ಬೆನ್ನು ನೋಯುತ್ತೆ,” ಎಂದಳು ಅಜ್ಜಿ ಮೆತ್ತಗೆ. ಅನಂತರ ಪೊಟ್ಟಣವನ್ನು ಪಕ್ಕದ ವರ್ತಕನ ಕೈಗಿತ್ತಳು. “ಸ್ವಲ್ಪ ಹಿಡ್ಕೊಳ್ರಿ.”

ಆತನ ತೋಳೂ ಕೆಳಗಿಳಿಯಿತು. “ಅಬ್ಬಾ, ಭಾರ ಇದೆ!” ಎಂದು ಅವನು ಮುಂದಿನವನಿಗೆ ಕೊಟ್ಟನು. “ಬಹಳ ಭಾರ,” ಎಂದನು ಅವನು. ಭಾರದ ಸುದ್ದಿ ಸಾಲಿನಿಂದ ಸಾಲಿಗೆ ಹರಿಯಿತು. ವರ್ತಕರ ಲೇಖನಿಗಳು ಒಂದೊಂದಾಗಿ ಜೇಬಿಗೆ ಮರಳಿದವು.

“ನಮ್ಮ ಗಾಜಿನ ಕಪಾಟಿನಲ್ಲಿ ಇಡೋಕೆ ಒಂದು ಕಳಿಸಿ,” ಎಂದಳು ಅಜ್ಜಿ ಮುನಕಾತ ಅವರಿಗೆ, ಅತ್ಯಂತ ಗೌರವದಿಂದ. “ಉಳಿದಿದ್ದನ್ನ ಮುಂದಾಲೋಚನೆಯಿಂದ ಪರಿಶೀಲಿಸ್ತೀವಿ.”

“ನಾವೂ ಪರಿಶೀಲಿಸ್ತೀವಿ,” ಎಂದರು ಉಳಿದವರು. ಆ ನಾಡಿನ ವ್ಯಾಪಾರದಲ್ಲಿ ಪರಿಶೀಲನೆಗೆ ಹೋದದ್ದು ಹಿಂದಿರುಗಿದ ನಿದರ್ಶನವಿಲ್ಲ.

ಮಾರನೆಯ ದಿನ ಮುನಕಾತ ಅವರು ನಿಶಿವಾಕಿಯನ್ನು ಕರೆದರು. ಅವರ ಮುಖ ಕೆಂಪಾಗಿತ್ತು.

“ಯಾಕೆ ತಂದೆ ಅದನ್ನ? ಹೇಳು! ಯಾಕೆ?”

“ಸಿಹಿಯಂಗಡಿಯವರು ‘ಎಂದಿನದ್ದೇನಾ’ ಅಂತ ಕೇಳಿದ್ರು, ಬುಚೋ. ನಾನು ಹೌದು ಅಂದೆ.”

“ಬೇಡ ಅನ್ನೋಕೆ ಬರಲ್ವಾ ನಿಂಗೆ?”

“ಬರಲ್ಲ, ಬುಚೋ. ನಿಮಗೂ ಯಾವತ್ತೂ ಹೇಳಿಲ್ಲ.”

ಮುನಕಾತ ಅವರೂ ಮೂರ್ಖರಲ್ಲ, ತಮಗೆ ಸುತ್ತಲಿನಿಂದ ಬರುತ್ತಿದ್ದ ಹೌದುಗಳು ಯಾವ ಜಾತಿಯವೆಂದು ಅವರಿಗೆ ಆಗ ಹೊಳೆದಿರಬೇಕು. ಕೈಯಾಡಿಸಿ ಆತನನ್ನು ಕಳಿಸಿಬಿಟ್ಟರು.

ಆರ್ಡರು ಅಲ್ಪವಾದುದರಿಂದ ಕಾರ್ಖಾನೆ ಅಲ್ಪವನ್ನೇ ಮಾಡಿತು. ವರ್ಷದ ಕೊನೆಗೆ ಹಿಬಾರಿ ಟೀವಿ ಅಂಗಡಿಗಳಿಗೆ ಬಂತು. ಕೊಂಡ ಕೆಲವರು ತಮ್ಮ ಮೆಚ್ಚಿನ ಆಟವನ್ನು ಹಾಕಿ, ‘ಈ ಆಟ ಈ ಯಂತ್ರದಲ್ಲಿ ನಡೆಯುವುದಿಲ್ಲ’ ಎಂಬ ಅಂದವಾದ ಅಕ್ಷರಗಳನ್ನು ಟೀವಿಯಲ್ಲಿ ದೊಡ್ಡದಾಗಿ ಕಂಡರು. ಕೊಂಡವರು ಕೆಲವರಾದುದರಿಂದ ಬೈದವರೂ ಕೆಲವರು. ಎಲ್ಲಿಯೂ ಉಗ್ರಾಣ ಕೊಳೆಯಲಿಲ್ಲ. ವರ್ಷದ ವರದಿಯಲ್ಲಿ ಮುನಕಾತ ಅವರು ಇದನ್ನು ‘ಮಿತಿಯರಿತ ದಿಟ್ಟ ಹೆಜ್ಜೆ’ ಎಂದು ಬರೆದರು. ಆಡಳಿತ ಮಂಡಳಿ ಅವರ ಸಂಯಮವನ್ನು ಕೊಂಡಾಡಿತು. ನಿಶಿವಾಕಿಗೆ ‘ಮುಂಗಡ ಕೃತಜ್ಞತಾ ವಿಭಾಗ’ವೆಂಬ ಹೊಸ ವಿಭಾಗವನ್ನು ಕೊಟ್ಟರು. ಅದರಲ್ಲಿ ಆತನೊಬ್ಬನೇ ಇದ್ದನು. ಕೆಲಸ ಕೊಡಲೊಲ್ಲದವರನ್ನು ಕಿಟಕಿಯ ಬಳಿ ಕೂರಿಸುವುದು ಆ ನಾಡಿನ ಕಚೇರಿಗಳ ಪದ್ಧತಿ; ಆತನ ಕಿಟಕಿ ಮಾತ್ರ ದೊಡ್ಡದು.

ಆದರೆ ಮುಂದೆ ಒಂದು ವಿಚಿತ್ರ ಪದ್ಧತಿ ಬೆಳೆಯಿತು. ಸಂಸ್ಥೆಯಲ್ಲಿ ಯಾವ ಹೊಸ ಯೋಜನೆ ಹುಟ್ಟಿದರೂ, ಎಲ್ಲ ಮುದ್ರೆಗಳೂ ಬಿದ್ದ ಮೇಲೆ, ಮುನಕಾತ ಅವರು ಯಾರಿಗೂ ಕಾಣದಂತೆ ಆ ಕಿಟಕಿಯ ಬಳಿ ಬಂದು, ಹೊರಗಿನ ನದಿಯನ್ನು ನೋಡುತ್ತ, “ನಿಶಿವಾಕಿ-ಕುನ್, ಇದರ ಬಿಡುಗಡೆಗೆ ಹೋಗೋದಾದ್ರೆ ಯಾವ ಸಿಹಿ ಒಯ್ತೀಯ?” ಎಂದು ಕೇಳುವರು. ಆತ “ಬಿಲ್ಲೆ” ಎಂದರೆ ಕೆಲಸ ಮುಂದುವರಿಯುತ್ತಿತ್ತು. “ಕಡುಬು” ಎಂದರೆ ಯಂತ್ರಜ್ಞರು ಇನ್ನಷ್ಟು ದುಡಿಯುತ್ತಿದ್ದರು. ಆತ ಸುಮ್ಮನಿದ್ದು ಅಂಗೈಯನ್ನು ಒಂದು ಗೇಣು ಕೆಳಗಿಳಿಸಿದರೆ, ಆ ಯೋಜನೆ ಸದ್ದಿಲ್ಲದೆ ಪರಿಶೀಲನೆಗೆ ಹೋಗುತ್ತಿತ್ತು.

ಹೊಸ ವರ್ಷದಲ್ಲಿ ನಿಶಿವಾಕಿ ಮತ್ಸುಯಾಮಾಚಿಗೆ ಹೋದನು. ಅಜ್ಜಿಯ ಉಗ್ರಾಣದಲ್ಲಿ ಸೂರಿನವರೆಗೆ ಬೊಂಬೆಗಳಿದ್ದವು. ಹಬ್ಬಕ್ಕೆ ಕೊಳ್ಳುವವರು ಸಾಲುಗಟ್ಟಿದ್ದರು. ಗಾಜಿನ ಕಪಾಟು ಬರಿದಾಗಿತ್ತು.

“ಆ ಒಂದು ಪೆಟ್ಟಿಗೆ ಮಾರಿಹೋಯ್ತಾ, ಒಕಾಮಿ-ಸಾನ್?” ಎಂದನು ಅಚ್ಚರಿಯಿಂದ.

“ಮಾರೋದೇನು, ನಾನೇ ಇಟ್ಕೊಂಡೆ!” ಎಂದು ಅಜ್ಜಿ ಒಳಮನೆಯ ಬಾಗಿಲು ಸರಿಸಿದಳು. ಟೀವಿಯ ಮುಂದೆ ಕಾಲು ಬೆಚ್ಚಗಿಡುವ ಕಂಬಳಿಮೇಜು. ಪರದೆಯ ತುಂಬ ಹೂವಿನ ಚಿತ್ರದ ಇಸ್ಪೀಟು. “ಈ ಎಲೆಯಾಟಕ್ಕೆ ತಿಕ್ಕೋದೂ ಬೇಡ, ತೀಡೋದೂ ಬೇಡ. ಗುಂಡಿ ಒತ್ತಿದ್ರಾಯ್ತು. ಆ ಅಂಗೈಯಗಲದ ಹಕ್ಕೀಲಿ ನನ್ನ ಕಣ್ಣಿಗೆ ಒಂದು ಹೂವೂ ಕಾಣ್ತಿರಲಿಲ್ಲ ಕಣೋ. ಇದ್ರಲ್ಲಿ ಎಲ್ಲಾ ಎಷ್ಟು ದೊಡ್ಡದಾಗಿ ಕಾಣುತ್ತೆ! ನಿಮ್ಮ ಬುಚೋಗೆ ಹೇಳು, ಮುದುಕರಿಗೆ ಅಂತ ಮಾಡಿದ್ರೆ ಕೊಳ್ತಿದ್ರು ಅಂತ.”

“ಹೇಳ್ತೀನಿ,” ಎಂದನು ನಿಶಿವಾಕಿ. ಆಟವಾಡುವವರೆಲ್ಲ ಎಳೆಯರೆಂದು ತಿಳಿದ ಇಡೀ ಕಟ್ಟಡದಲ್ಲಿ, ದೊಡ್ಡ ಚಿತ್ರ ಯಾರಿಗೆ ಬೇಕೆಂದು ಒಬ್ಬರೂ ಕೇಳಿರಲಿಲ್ಲ.

“ಮತ್ತೆ ಯಾಸು-ಚಾನ್,” ಎಂದಳು ಅಜ್ಜಿ ಎಲೆಗಳ ಮೇಲೆಯೇ ಕಣ್ಣಿಟ್ಟು, “ಆ ಯೋಕನ್ ಚೆನ್ನಾಗಿತ್ತು. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತಿಗೆ ಸರಿಯಾಗಿ ಬಂದ ಸಿಹಿ ಇನ್ನೊಂದಿಲ್ಲ.”

ಮರುದಿನ ಬೆಳಗ್ಗೆ ನಿಶಿವಾಕಿ ಊಟದ ಮೇಜಿನ ಮುಂದೆ ಕುಳಿತು, ಬಟ್ಟಲಿನಲ್ಲಿ ನೂಲೆಳೆಯುತ್ತಿದ್ದ ನಾತ್ತೋವನ್ನು ನೋಡಿದನು. ಉಸಿರು ಹಿಡಿದನು. ಬಿಟ್ಟನು. ಅನಂತರ, ಮಗು ಮೊದಲ ಮಾತನ್ನಾಡುವಂತೆ, “ಸುಮಿಯೆ, ಇದು... ಇವತ್ತು... ಬೇಡ” ಎಂದನು.

ಸುಮಿಯೆ ಸೌಟನ್ನು ಕೆಳಗಿಟ್ಟಳು.

“ಅಂತೂ ಹೇಳಿದ್ರಾ!” ಎಂದಳು. “ಮದುವೆಯಾದ ವಾರದಲ್ಲೇ ನಂಗೆ ಗೊತ್ತಾಗಿತ್ತು, ಮೂಗು ಮುಚ್ಕೊಂಡು ತಿಂತೀರಿ ಅಂತ. ನೀವಾಗಿ ಬಾಯಿಬಿಟ್ಟು ಹೇಳ್ಲಿ ಅಂತ ಕಾದೆ. ಕಾದು ಕಾದು ಮಗಳು ಕಾಲೇಜಿಗೆ ಬಂದ್ಲು!” ಎಂದು ಆ ಬಟ್ಟಲನ್ನು ತನ್ನೆಡೆಗೆ ಎಳೆದುಕೊಂಡು, ಮೊದಲೇ ಸುಟ್ಟು ಮುಚ್ಚಿಟ್ಟಿದ್ದ ಮೀನನ್ನು ಆತನ ಮುಂದಿಟ್ಟಳು.

ಸತ್ಯವನ್ನು ನಾಲಿಗೆ ಹೇಳಲಾರದಾಗ ಸೊಂಟದಿಂದ ಹೇಳಿಸಿ, ಸೊಂಟವೂ ತಡೆದಾಗ ಸಿಹಿಯಿಂದ 
ಹೇಳಿಸುವ ಕರುಣಾನಿಧಿಯಾದ ಭಗವಂತನು ನಿಶಿವಾಕಿ ಯಾಸುನೊರಿಯ ಬೆನ್ನಿಗೆ ನೋವು ಬಾರದಂತೆ ಕಾಯಲಿ. ಆತನ ಕಿಟಕಿಗೆ ಸದಾ ಬೆಳಕಿರಲಿ. ಸುಮಿಯೆಯ ಕಾಯುವ ಗುಣಕ್ಕೆ ತಕ್ಕ ಫಲವಾಗಲಿ. ಮಗಳಿಗೆ ತಂದೆಯ ವಿನಯವೂ ತಾಯಿಯ ನಾಲಿಗೆಯೂ ಸಮವಾಗಿ ಒಲಿಯಲಿ. ಹಮುರೋ ಅಜ್ಜಿಯ ಉಗ್ರಾಣ ಪ್ರತಿ ವಸಂತದಲ್ಲೂ ತುಂಬಿ ಬರಿದಾಗಲಿ, ಅವಳ ಪರದೆಯ ಮೇಲೆ ಹೂವುಗಳು ದೊಡ್ಡದಾಗಿಯೇ ಅರಳಲಿ. ಆ ಮನೆಯ ಬೆಳಗಿನ ಮೇಜಿನ ಮೇಲೆ ಬೇಕಾದವರಿಗೆ ಬೇಕಾದದ್ದೂ, ಬೇಡವೆಂದವರಿಗೆ ಸುಟ್ಟ ಮೀನೂ ಎಂದೆಂದಿಗೂ ದೊರೆಯಲಿ.